ಓದುಗರ ಪ್ರಶ್ನೆ, ನಮ್ಮ ಉತ್ತರ: ಅವರ ಕಾಡುಕಾಗೆ, ನಮ್ಮ ಕಾಡುಕಾಗೆ

ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಹಕ್ಕಿಗಳನ್ನು ಕುರಿತು ಹಿಂದೊಮ್ಮೆ ಬರೆದಾಗ ಆಗ್ನೇಯ ಏಷ್ಯಾದ ತೆಳುಕೊಕ್ಕಿನ ಕಾಗೆಯ ಹೆಸರು ಒಂದೇ ಒಂದು ಸಾಲಿನಲ್ಲಿ ಬಂದುಹೋಗಿತ್ತು. ಆ ಸಾಲನ್ನು ಹಿಡಿದು ಬಂದ ಪತ್ರಗಳೇ ಈ ಬಾರಿ ಹೆಚ್ಚಾಗಿರುವುದರಿಂದ ಅಂಕಣವನ್ನು ಪೂರ್ತಿಯಾಗಿ ಆ ಹಕ್ಕಿಗೇ ಬಿಟ್ಟಿದ್ದೇವೆ.

ಪ್ರಶ್ನೆ: ಕೆಲಸದ ನಿಮಿತ್ತ ಮಲೇಷ್ಯಾದ ಸರವಾಕ್ ರಾಜ್ಯದಲ್ಲಿದ್ದೇನೆ. ಬಾಕೋ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದಾಗ ದೋಣಿ ನಿಲ್ಲುವ ಜಾಗದ ಪಕ್ಕದ ಕಾಂಡ್ಲಾ ಮರದ ಮೇಲೆ ಮೈಯೆಲ್ಲ ಕಪ್ಪಾದ ಎರಡು ಕಾಗೆಗಳನ್ನು ಕಂಡೆ. ಜೊತೆಗಿದ್ದ ಇಂಡೊನೇಷ್ಯಾದ ಸಹೋದ್ಯೋಗಿ ಅವನ್ನು ‘ಗಾಗಕ್ ಹುತಾನ್’ ಎಂದು ಕರೆದು, ಹಾಗೆಂದರೆ ಕಾಡಿನ ಕಾಗೆ ಎಂದು ವಿವರಿಸಿದರು. ಅಂದಮೇಲೆ ಅದು ನಮ್ಮ ಕಾಡುಕಾಗೆಯೇ ಅಲ್ಲವೇ? (ಓದುಗರು, ಕೂಚಿಂಗ್)

ಉತ್ತರ: ಮಾತಿನ ಅರ್ಥ ಒಂದೇ, ಹಕ್ಕಿ ಬೇರೆ. ಗಾಗಕ್ ಎಂದರೆ ಕಾಗೆ, ಹುತಾನ್ ಎಂದರೆ ಕಾಡು. ಒರಾಂಗುಟಾನ್ ಎಂಬ ಹೆಸರಿನ ಕೊನೆಯಲ್ಲಿ ನಾವು ಕೇಳುವುದೂ ಇದೇ ಹುತಾನ್. ನೀವು ಕಂಡದ್ದು ತೆಳುಕೊಕ್ಕಿನ ಕಾಗೆ, ವೈಜ್ಞಾನಿಕವಾಗಿ ಕಾರ್ವಸ್ ಎಂಕ. ಮಲಯ ಪರ್ಯಾಯ ದ್ವೀಪ, ಸುಮಾತ್ರಾ, ಬೋರ್ನಿಯೊ, ಜಾವಾ ಮತ್ತು ಬಾಲಿಗಳ ತಗ್ಗುನಾಡಿನ ಮಳೆಕಾಡು, ನದಿ ದಂಡೆ ಮತ್ತು ಕಾಂಡ್ಲಾ ವನಗಳಲ್ಲಿ ಬದುಕುವ ಹಕ್ಕಿ. ನಮ್ಮ ಕಾಡುಕಾಗೆ ದಪ್ಪಕೊಕ್ಕಿನ ಕಾಗೆಗಳ ಬಳಗಕ್ಕೆ ಸೇರಿದ್ದು. ಸೋಜಿಗವೆಂದರೆ ಆ ಬಳಗದ ಕಾಗೆಯೂ ಇಂಡೊನೇಷ್ಯಾದಲ್ಲಿದೆ, ಮತ್ತು ಅಲ್ಲಿನವರು ಅದಕ್ಕೆ ಇಟ್ಟಿರುವ ಹೆಸರು ‘ಗಾಗಕ್ ಕಾಂಪುಂಗ್’, ಅಂದರೆ ಹಳ್ಳಿಯ ಕಾಗೆ. ಬೂದುಕತ್ತಿನ ಊರಕಾಗೆಯನ್ನು ಅಂಗಳದಲ್ಲಿ ಕಂಡು ಬೆಳೆದ ನಾವು ಮೈಯೆಲ್ಲ ಕಪ್ಪಾದುದನ್ನು ಕಾಡಿಗೆ ಸೇರಿಸಿದೆವು. ಊರಕಾಗೆ ಮೂಲದಲ್ಲಿ ಇಲ್ಲದ ಆ ದ್ವೀಪಗಳಲ್ಲಿ ಜನರು ದಪ್ಪಕೊಕ್ಕಿನದನ್ನು ಹಳ್ಳಿಗೆ ಸೇರಿಸಿ, ತೆಳುಕೊಕ್ಕಿನದನ್ನು ಕಾಡಿಗೆ ಬಿಟ್ಟರು. ಹೆಸರನ್ನು ಪದಕ್ಕೆ ಪದ ಕನ್ನಡಕ್ಕೆ ತಂದುಕೊಂಡರೆ ಹಕ್ಕಿ ಅದಲುಬದಲಾಗುವುದು ಹೀಗೆ.

ಎರಡನ್ನೂ ಬಣ್ಣದಿಂದ ಬೇರ್ಪಡಿಸಲಾಗದು. ಮೊದಲು ಹಣೆಯನ್ನು ನೋಡಬೇಕು. ದಪ್ಪಕೊಕ್ಕಿನ ಕಾಗೆಯಲ್ಲಿ ಮೇಲ್ಗೊಕ್ಕು ಕಮಾನಿನಂತೆ ಬಾಗಿ, ಅದರ ಬುಡದಿಂದ ಹಣೆ ಗೋಡೆ ಎದ್ದಂತೆ ಮೇಲೇಳುತ್ತದೆ. ತೆಳುಕೊಕ್ಕಿನದರಲ್ಲಿ ಕೊಕ್ಕು ನೀಳವಾಗಿದ್ದು, ಹಣೆ ಅದಕ್ಕೆ ಮೆಲ್ಲಗೆ ಇಳಿಜಾರಾಗಿ ಕೂಡಿಕೊಳ್ಳುತ್ತದೆ. ಹಾರುವಾಗ ಬಾಲ ನೋಡಿ: ಮೊದಲನೆಯದರ ಬಾಲದ ತುದಿ ಬೆಣೆಯಾಕಾರಕ್ಕೆ ಬಂದರೆ, ಎರಡನೆಯದರದು ಹೆಚ್ಚುಕಡಿಮೆ ಚೌಕ. ತೆಳುಕೊಕ್ಕಿನ ಕಾಗೆಯ ಉದ್ದ ಸುಮಾರು 43ರಿಂದ 47 ಸೆಂಟಿಮೀಟರ್, ಅಂದರೆ ನಮ್ಮ ಊರಕಾಗೆಗಿಂತ ತುಸುವೇ ದೊಡ್ಡದು. ಆದರೆ ಎತ್ತರದ ಮರದ ತುದಿಯಲ್ಲಿ ಕೂತ ಒಂಟಿ ಹಕ್ಕಿಯ ಗಾತ್ರವನ್ನು ಅಂದಾಜು ಮಾಡಿ ತೀರ್ಮಾನಕ್ಕೆ ಬರುವುದು ಬೇಡ.

ಇವೆಲ್ಲಕ್ಕಿಂತ ನಂಬಬಹುದಾದ ಎರಡು ಗುರುತುಗಳಿವೆ. ಒಂದು ರೆಕ್ಕೆಬಡಿತ. ದಪ್ಪಕೊಕ್ಕಿನ ಕಾಗೆ ರೆಕ್ಕೆಯನ್ನು ಆಳವಾಗಿ, ನಿಧಾನವಾಗಿ ಬೀಸುತ್ತದೆ. ತೆಳುಕೊಕ್ಕಿನದು ಮೇಲಿಂದ ಮೇಲೆ ಚಿಕ್ಕದಾಗಿ ಬಡಿಯುತ್ತದೆ, ಭಾರ ಹೊತ್ತವರು ಅವಸರದಲ್ಲಿ ಸಣ್ಣ ಸಣ್ಣ ಹೆಜ್ಜೆ ಇಡುವ ಹಾಗೆ. ಇನ್ನೊಂದು ಕೂಗು. ನಮ್ಮ ಕಿವಿಗೆ ಒಗ್ಗಿರುವ ಒಡೆದ, ಗಡಸು ‘ಕಾ’ ಅದರಲ್ಲಿಲ್ಲ. ಮೂಗಿನಿಂದ ಹೊರಡುವ, ಸ್ವರ ಮೇಲಿರುವ ‘ಅಹ್ಕ್ ಅಹ್ಕ್ ಅಹ್ಕ್’ ಎಂಬ ಚಿಕ್ಕ ಚಿಕ್ಕ ತುಂಡುಗಳ ಸರಣಿ ಅದು. ಆ ಸ್ವರ ಒಮ್ಮೆ ಕಿವಿಯಲ್ಲಿ ನಿಂತರೆ ಆಮೇಲೆ ಹಕ್ಕಿಯನ್ನು ನೋಡಲೇಬೇಕೆಂದಿಲ್ಲ.

ಹೆಸರಿನ ಬಗ್ಗೆಯೂ ಒಂದು ಮಾತು. ಜಾವಾದಲ್ಲಿ ಅನೇಕ ವರ್ಷ ವೈದ್ಯರಾಗಿ ದುಡಿಯುತ್ತಲೇ ಅಲ್ಲಿಯ ಸಸ್ಯ, ಪ್ರಾಣಿ, ಪಕ್ಷಿಗಳನ್ನು ಸಂಗ್ರಹಿಸಿದ ಅಮೆರಿಕ ಮೂಲದ ಥಾಮಸ್ ಹಾರ್ಸ್‌ಫೀಲ್ಡ್ 1821ರಲ್ಲಿ ಈ ಕಾಗೆಯನ್ನು ವಿಜ್ಞಾನ ಲೋಕಕ್ಕೆ ಪರಿಚಯಿಸಿದರು. ‘ಎಂಕ’ ಎಂಬುದು ಅವರು ಲ್ಯಾಟಿನ್‌ನಲ್ಲಿ ಹುಟ್ಟಿಸಿದ ಪದವಲ್ಲ, ಜಾವಾದ ಜನರ ಬಾಯಲ್ಲಿದ್ದ ಹೆಸರು. ಅವರು ಮೊದಲು ಇದನ್ನು ಇರಿಸಿದ್ದು ಕಾಗೆಗಳ ಕುಲದಲ್ಲಿಯೂ ಅಲ್ಲ, ನೀಳವಾದ ತೆಳುಕೊಕ್ಕಿನ ಚಾಫ್ ಎಂಬ ಬೆಟ್ಟದ ಹಕ್ಕಿಗಳ ಕುಲದಲ್ಲಿ. ಕೊಕ್ಕು ತೆಳುವಾದುದು ಅಷ್ಟು ದೊಡ್ಡ ಭೇದವಾಗಿ ಕಂಡಿತ್ತು ಎಂಬುದನ್ನು ಇದರಿಂದ ಊಹಿಸಬಹುದು.

ಪ್ರಶ್ನೆ: ನಮ್ಮ ಮನೆಯ ಹಿಂದೆ ಅಘನಾಶಿನಿ ಹೊಳೆಯ ಕಾಂಡ್ಲಾ ಕಾಡಿದೆ. ಅಲ್ಲಿಗೆ ದಿನವೂ ಬರುವ ಕರಿಕಾಗೆಯ ಫೋಟೋವನ್ನು ಮೊಬೈಲ್ ಆ್ಯಪ್‌ಗೆ ಹಾಕಿದಾಗ ‘ತೆಳುಕೊಕ್ಕಿನ ಕಾಗೆ’ ಎಂದು ತೋರಿಸಿತು. ಕರ್ನಾಟಕದ ಕರಾವಳಿಯಲ್ಲಿ ಅದು ಇರಬಹುದೇ? (ಓದುಗರು, ಕುಮಟಾ ತಾಲ್ಲೂಕು)

ಉತ್ತರ: ಇಲ್ಲ. ತೆಳುಕೊಕ್ಕಿನ ಕಾಗೆ ಭಾರತದ ಹಕ್ಕಿಯಲ್ಲ. ಅದರ ನೆಲೆಯಲ್ಲಿ ನಮಗೆ ಹತ್ತಿರವಾದ ಭಾಗವೆಂದರೆ ಬಂಗಾಳ ಕೊಲ್ಲಿಯನ್ನೂ ಅಂಡಮಾನ್ ಸಮುದ್ರವನ್ನೂ ದಾಟಿದ ಮೇಲಿನ ಸುಮಾತ್ರಾ ಮತ್ತು ಮಲಯ ಪರ್ಯಾಯ ದ್ವೀಪ. ಫೋಟೋ ಎಲ್ಲಿ ತೆಗೆದದ್ದು ಎಂದು ತಿಳಿಸದಿದ್ದರೆ ಆ್ಯಪ್ ಪ್ರಪಂಚದ ಎಲ್ಲ ಕರಿಕಾಗೆಗಳ ನಡುವೆ ಹುಡುಕುತ್ತದೆ; ಪಕ್ಕದಿಂದ ತೆಗೆಯದ ಫೋಟೋದಲ್ಲಿ ಕೊಕ್ಕು ತೆಳುವಾಗಿ ಕಾಣುವುದೂ ಸಹಜ. ಸ್ಥಳವನ್ನು ಸೇರಿಸಿ ಇನ್ನೊಮ್ಮೆ ನೋಡಿ.

ನಿಮ್ಮ ಹಿತ್ತಲಿಗೆ ಬರುತ್ತಿರುವುದು ನಮ್ಮ ಕಾಡುಕಾಗೆ. ಅದಕ್ಕೆ ಹೆಸರು ಕೊಟ್ಟವರು ದಖ್ಖನ್ನಿನ ಹಕ್ಕಿಗಳನ್ನು ಪಟ್ಟಿಮಾಡಿದ ಸೇನಾಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್, 1832ರಲ್ಲಿ. ಆಮೇಲೆ ಬಹುಕಾಲ ಅದನ್ನು ಜಾವಾದ ದಪ್ಪಕೊಕ್ಕಿನ ಕಾಗೆಯ ಒಂದು ಉಪಪ್ರಭೇದವೆಂದೇ ಎಣಿಸಲಾಗುತ್ತಿತ್ತು. ಕೂಗಿನ ವ್ಯತ್ಯಾಸವನ್ನು ಮುಂದಿಟ್ಟುಕೊಂಡು, ದಕ್ಷಿಣ ಏಷ್ಯಾದ ಹಕ್ಕಿಗಳ ಕೈಪಿಡಿಯೊಂದು 2005ರಲ್ಲಿ ಅದನ್ನು ಸ್ವತಂತ್ರ ಪ್ರಭೇದವೆಂದು ಬೇರ್ಪಡಿಸಿತು. ಈಗಲೂ ಕೆಲವು ಪಟ್ಟಿಗಳು ಬೇರೆಯೆಂದೂ ಕೆಲವು ಒಂದೇ ಎಂದೂ ಬರೆಯುತ್ತವೆ.

ಆ ಕಾಂಡ್ಲಾ ಕಾಡಿನ ಅಂಚಿನಲ್ಲಿ, ಉಪ್ಪುನೀರು ಸೇರುವ ಗಜನಿ ಗದ್ದೆಯ ಒಡ್ಡಿನ ಮೇಲೆ ಕೂತು ಕಾಡುಕಾಗೆಯನ್ನು ನೋಡಿದ ಒಂದು ಬೆಳಗು ನನಗೆ ಚೆನ್ನಾಗಿ ನೆನಪಿದೆ. ನೀರು ಇಳಿಯತೊಡಗಿತ್ತು. ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುವವರು ದೂರದಲ್ಲಿ ಸೊಂಟದ ಮಟ್ಟದ ನೀರಿಗೆ ಇಳಿದಿದ್ದರು. ಊರಿಕೊಂಡಿದ್ದ ಬಿಳಲು ಬೇರಿನ ಮೇಲೆ ಕಾಗೆ ಅಲ್ಲಾಡದೆ ಕೂತು, ಕೆಸರು ಒಂದೊಂದೇ ಗೇಣು ಬಯಲಾಗುವುದನ್ನು ಕಾಯುತ್ತಿತ್ತು. ಹೆಬ್ಬೆರಳಿನ ಉಗುರಿನಷ್ಟು ಏಡಿಯೊಂದು ಬಿಲದಿಂದ ಹೊರಬಂದು ಎರಡು ಹೆಜ್ಜೆ ಇಟ್ಟಿತೋ ಇಲ್ಲವೋ, ಕಾಗೆ ಇಳಿದು ಅದರ ಬೆನ್ನನ್ನು ಹಿಡಿದು ಮತ್ತೆ ಬೇರಿನ ಮೇಲಕ್ಕೆ ಬಂತು. ಏಡಿಯನ್ನು ಬೇರಿಗೆ ಒತ್ತಿಹಿಡಿದು ಮೊದಲು ದೊಡ್ಡ ಕೊಂಡಿಯನ್ನು ಮುರಿದು ಬದಿಗೆ ಹಾಕಿ, ಆಮೇಲೆ ಉಳಿದದ್ದನ್ನು ನುಂಗಿತು. ಕೊಂಡಿಯನ್ನು ಮೊದಲು ಮುರಿಯಬೇಕೆಂದು ಅದಕ್ಕೆ ಯಾವಾಗಲೋ ಪಾಠವಾಗಿದ್ದಿರಬೇಕು.

ಕಾಂಡ್ಲಾ ಕಾಡು ಕಾಗೆಗಳನ್ನು ಸೆಳೆಯುವುದು ಈ ಕಾರಣಕ್ಕೇ. ಸಮುದ್ರ ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುವ ಕಡೆ ಕೆಸರಿನ ಮೇಲೆ ದಿನಕ್ಕೆ ಎರಡು ಬಾರಿ ಹೊಸದಾಗಿ ಊಟ ಬಡಿಸಿರುತ್ತದೆ. ಬೋರ್ನಿಯೊದ ತೆಳುಕೊಕ್ಕಿನ ಕಾಗೆಗಾಗಲಿ ಕುಮಟೆಯ ಕಾಡುಕಾಗೆಗಾಗಲಿ ಈ ಲೆಕ್ಕ ಬದಲಾಗುವುದಿಲ್ಲ. ಭೇದವಿರುವುದು ನೀರು ತುಂಬಿದ ಮೇಲೆ: ನಮ್ಮದು ಹಾರಿ ಊರಿನ ಕಡೆಗೆ, ತೋಟದ ಕಡೆಗೆ, ಮೀನು ಒಣಗಿಸುವ ಬಯಲಿಗೆ ಹೋಗುತ್ತದೆ, ಅಲ್ಲಿಯದು ಬಹುತೇಕ ಮರದ ಮೇಲುಗಡೆಗೆ, ಹಣ್ಣಿಗೆ ಮತ್ತು ಹುಳುಹುಪ್ಪಟೆಗೆ ಮರಳುತ್ತದೆ.

ಪ್ರಶ್ನೆ: ಹಿರಿಯರ ಎಡೆಗೆ ಕಾಗೆಯನ್ನು ಕಾಯುವುದು ನಮ್ಮ ಪದ್ಧತಿ. ತೆಳುಕೊಕ್ಕಿನ ಕಾಗೆಯೂ ಅಂಗಳಕ್ಕೆ ಬರುತ್ತದೆಯೇ? (ಓದುಗರು, ಧಾರವಾಡ)

ಉತ್ತರ: ಅದು ಜೋಡಿಯಾಗಿಯೋ ಚಿಕ್ಕ ಗುಂಪಾಗಿಯೋ ಮರಗಳ ನಡುವೆ ಬದುಕುವ ಹಕ್ಕಿ, ಮನುಷ್ಯರ ಅಡುಗೆಮನೆಯನ್ನು ನೆಚ್ಚಿಕೊಂಡದ್ದಲ್ಲ. ಆದರೆ ಮಲೇಷ್ಯಾದ ಪಟ್ಟಣಗಳಲ್ಲಿ ಅನ್ನ ಹಾಕಿದ ಕೂಡಲೇ ಇಳಿಯುವ ಕಾಗೆಯೂ ಇದೆ, ಮತ್ತು ಅದು ನಮ್ಮ ಬೂದುಕತ್ತಿನ ಊರಕಾಗೆಯೇ. 19ನೆಯ ಶತಮಾನ ಮುಗಿಯುವ ಹೊತ್ತಿನಲ್ಲಿ, ತೋಟಗಳನ್ನು ಕಾಡುತ್ತಿದ್ದ ಕಂಬಳಿಹುಳುಗಳನ್ನು ತಿನ್ನಲಿ ಎಂದು ಶ್ರೀಲಂಕಾದಿಂದ ಕ್ಲಾಂಗ್ ಪ್ರದೇಶಕ್ಕೆ ಊರಕಾಗೆಗಳನ್ನು ಒಯ್ದು ಬಿಡಲಾಯಿತು. ಹುಳುವಿನ ಕೆಲಸಕ್ಕೆಂದು ಹೋದದ್ದು ಕಸದ ಗುಂಡಿ, ಮಾರುಕಟ್ಟೆ, ಬಂದರುಗಳನ್ನು ಹಿಡಿದು ಬೆಳೆದು, ಇಂದು ಅಲ್ಲಿಯ ನಗರಗಳಿಗೆ ದೊಡ್ಡ ತಲೆನೋವಾಗಿದೆ. ಹಕ್ಕಿಯ ತಪ್ಪೇನೂ ಇದರಲ್ಲಿಲ್ಲ.

ಪ್ರಶ್ನೆ: ಒಂದೇ ಎಂದಿದ್ದ ತೆಳುಕೊಕ್ಕಿನ ಕಾಗೆಯನ್ನು ಈಗ ಹಲವು ಪ್ರಭೇದಗಳಾಗಿ ಒಡೆದಿದ್ದಾರೆ ಎಂದು ಓದಿದೆ. ಎಲ್ಲವೂ ಕಪ್ಪಗಿರುವಾಗ ಹೀಗೆ ಒಡೆಯುವುದರಿಂದ ಹೆಸರುಗಳ ಗೊಂದಲ ಹೆಚ್ಚುವುದಲ್ಲದೆ ಬೇರೇನು ಪ್ರಯೋಜನ? (ಪದವಿ ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ಈ ಪ್ರಶ್ನೆಗೆ ತುಸು ದೀರ್ಘವಾಗಿಯೇ ಉತ್ತರಿಸಬೇಕು, ಏಕೆಂದರೆ ಈ ಕಾಗೆಯ ವಿಷಯದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಇಲ್ಲಿಗೇ ಬಂದು ಕೂಡುತ್ತದೆ.

ಹಿಂದೆ ಕಾರ್ವಸ್ ಎಂಕ ಎಂಬ ಒಂದೇ ಹೆಸರಿನಡಿಯಲ್ಲಿ ಮಲಯದಿಂದ ಸುಲವೇಸಿಯವರೆಗೆ, ಅಲ್ಲಿಂದ ಫಿಲಿಪೀನ್ಸ್‌ವರೆಗೆ, ಮೊಲುಕ್ಕಾ ದ್ವೀಪಗಳ ಸೆರಾಮ್‌ವರೆಗೆ ಹರಡಿದ ಕಾಗೆಗಳನ್ನೆಲ್ಲ ಸೇರಿಸಲಾಗಿತ್ತು. ಈಗಿನ ಅಂತರರಾಷ್ಟ್ರೀಯ ಪಟ್ಟಿಗಳು ಸುಲವೇಸಿಯದನ್ನು ಬೇರೆ, ಫಿಲಿಪೀನ್ಸ್‌ನ ಪಾಲವಾನ್ ಕಡೆಯದನ್ನು ಬೇರೆ, ಸಮಾರ್ ಮತ್ತು ಮಿಂದನಾವೊ ದ್ವೀಪಗಳದನ್ನು ಬೇರೆ, ಗರಿಗಳಲ್ಲಿ ನೇರಳೆ ಹೊಳಪಿರುವ ಸೆರಾಮ್ ಕಡೆಯದನ್ನು ಬೇರೆ ಎಂದು ಎಣಿಸಿ, ಎಂಕ ಎಂಬ ಹೆಸರನ್ನು ಪಶ್ಚಿಮದ ದ್ವೀಪಗಳ ಕಾಗೆಗೆ ಮಾತ್ರ ಉಳಿಸುವತ್ತ ಸಾಗಿವೆ.

ಇದರ ಹಿಂದೆ ಭೂಮಿಯ ಚರಿತ್ರೆಯೇ ಇದೆ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗ ತುದಿಮುಟ್ಟಿದ್ದಾಗ, ಸಮುದ್ರದ ಮಟ್ಟ ಇಂದಿಗಿಂತ ಹೆಚ್ಚುಕಡಿಮೆ 120 ಮೀಟರ್ ಕೆಳಗಿತ್ತು. ಆಗ ಮಲಯ, ಸುಮಾತ್ರಾ, ಜಾವಾ, ಬೋರ್ನಿಯೊಗಳ ನಡುವಿನ ತಗ್ಗು ಸಮುದ್ರ ಒಣನೆಲವಾಗಿ, ಇವೆಲ್ಲ ಒಂದೇ ಮೈಯ ನಾಡಾಗಿದ್ದವು. ಇಂದು ಅಲ್ಲಿಯ ಕಾಗೆಗಳು ಒಂದನ್ನೊಂದು ಹೋಲುವುದು ಅಚ್ಚರಿಯಲ್ಲ. ಬೋರ್ನಿಯೊ ಮತ್ತು ಸುಲವೇಸಿಗಳ ನಡುವಿನ ಮಕಾಸರ್ ಜಲಸಂಧಿ ಮಾತ್ರ ಆಳವಾದುದು. ಅದು ಆ ಕಾಲದಲ್ಲೂ ಬತ್ತಲಿಲ್ಲ. ನಿಸರ್ಗವಿಜ್ಞಾನಿ ಆಲ್‌ಫ್ರೆಡ್ ರಸೆಲ್ ವಾಲೇಸ್ 19ನೆಯ ಶತಮಾನದ ನಡುವಿನಲ್ಲಿ ಈ ದ್ವೀಪಗಳಲ್ಲಿ ಅಲೆದು, ಪ್ರಾಣಿಪಕ್ಷಿಗಳ ಎರಡು ಲೋಕಗಳ ನಡುವೆ ಎಳೆದ ಗೆರೆ ಹಾದುಹೋಗುವುದು ಅದೇ ಜಲಸಂಧಿಯ ಮೇಲೆ. ಕಾಡಿನ ಕಾಗೆ ದೂರದ ಸಮುದ್ರವನ್ನು ದಿನಾ ದಾಟುವ ಹಕ್ಕಿಯಲ್ಲ. ಎಂದೋ ಒಮ್ಮೆ ಆಚೆ ದಡ ಸೇರಿದ ಕೆಲವು ಅಲ್ಲಿಯೇ ಉಳಿದು, ತಮ್ಮತಮ್ಮೊಳಗೇ ಕೂಡಿ, ತಮ್ಮದೇ ಕೂಗನ್ನು ಕಟ್ಟಿಕೊಂಡವು. ಎಲ್ಲೆಡೆ ಬದಲಾಗದೆ ಉಳಿದದ್ದು ಕಪ್ಪು ಬಣ್ಣವೊಂದೇ, ಮತ್ತು ನಾವು ಮೊದಲು ನೋಡುವುದೂ ಅದನ್ನೇ.

ಒಡೆಯುವುದರ ಪ್ರಯೋಜನ ಏನೆಂಬುದನ್ನು ಬಂಗ್ಗಾಯಿ ಕಾಗೆಯ ಕಥೆ ಹೇಳುತ್ತದೆ. ಸುಲವೇಸಿಯ ಪೂರ್ವ ತೀರದಾಚೆ ಬಂಗ್ಗಾಯಿ ಎಂಬ ದ್ವೀಪಸಮೂಹವಿದೆ. ಅಲ್ಲಿಂದ ಬಂದ ಒಣಗಿಸಿಟ್ಟ ಎರಡೇ ಎರಡು ಚರ್ಮಪ್ರತಿಗಳನ್ನು ನೋಡಿ ಪಕ್ಷಿವಿಜ್ಞಾನಿಗಳಾದ ರಾಥ್‌ಚೈಲ್ಡ್ ಮತ್ತು ಹಾರ್ಟರ್ಟ್ 1900ರಲ್ಲಿ ಅದನ್ನು ಹೊಸ ಕಾಗೆಯೆಂದು ವರ್ಣಿಸಿದರು. ಅದಾದ ಮೇಲೆ ನೂರು ವರ್ಷ ಅದನ್ನು ಖಚಿತವಾಗಿ ಕಂಡವರಿಲ್ಲ. ಆ ಎರಡು ಪ್ರತಿಗಳು ನ್ಯೂಯಾರ್ಕಿನ ನಿಸರ್ಗ ಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿ ಉಳಿದವು. ಅದು ತೆಳುಕೊಕ್ಕಿನ ಕಾಗೆಯದೇ ಒಂದು ಸ್ಥಳೀಯ ರೂಪವಿರಬೇಕು ಎಂಬ ಅನುಮಾನ ಬೆಳೆಯಿತು. ಒಮ್ಮೆ ಆ ದೊಡ್ಡ ಹೆಸರಿನೊಳಕ್ಕೆ ಸೇರಿಸಿಬಿಟ್ಟರೆ ಹುಡುಕುವ ಕಾರಣವೇ ಇರುವುದಿಲ್ಲ: ತೆಳುಕೊಕ್ಕಿನ ಕಾಗೆ ಬೇರೆ ಕಡೆ ಬೇಕಾದಷ್ಟಿದೆಯಲ್ಲ!

ಇಂಡೊನೇಷ್ಯಾದ ಜೀವಶಾಸ್ತ್ರಜ್ಞ ಮೊಹಮದ್ ಇಂದ್ರವಾನ್ ಹುಡುಕುವುದನ್ನು ಬಿಡಲಿಲ್ಲ. ಅವರ ತಂಡ ಬಂಗ್ಗಾಯಿ ಸಮೂಹದ ಪೆಲೆಂಗ್ ದ್ವೀಪದ ಬೆಟ್ಟಕಾಡಿನಲ್ಲಿ ಸಮೀಕ್ಷೆ ನಡೆಸಿ, 2007–08ರ ಹೊತ್ತಿಗೆ ಆ ಕಾಗೆಯನ್ನು ಮತ್ತೆ ಕಂಡಿತು. ಅಲ್ಲಿಂದ ಎರಡು ಹೊಸ ಪ್ರತಿಗಳೂ ದೊರೆತವು. ಅಮೆರಿಕದ ಪಕ್ಷಿವಿಜ್ಞಾನಿ ಪಮೇಲಾ ರಾಸ್ಮುಸ್ಸೆನ್, ನಮ್ಮ ಕಾಡುಕಾಗೆಯನ್ನು ಬೇರ್ಪಡಿಸಿದ 2005ರ ಕೈಪಿಡಿಯ ಲೇಖಕಿಯೂ ಅವರೇ, ಹಳೆಯ ಎರಡನ್ನೂ ಹೊಸ ಎರಡನ್ನೂ ಹೋಲಿಸಿ ನೋಡಿ, ನಾಲ್ಕೂ ಒಂದೇ ಬಗೆಯವು, ತೆಳುಕೊಕ್ಕಿನ ಕಾಗೆಗಿಂತ ಸ್ಪಷ್ಟವಾಗಿ ಬೇರೆಯವು ಎಂದು ತೋರಿಸಿದರು. ಬದುಕಿದ್ದಾಗ ಎರಡರ ಕಣ್ಣಿನ ಬಣ್ಣವೂ ಬೇರೆ. ಒಣಗಿದ ಚರ್ಮಪ್ರತಿಯಲ್ಲಿ ಕಣ್ಣು ಉಳಿಯುವುದಿಲ್ಲ. ಜೀವಂತ ಹಕ್ಕಿಯನ್ನು ಕಾಡಿನಲ್ಲಿ ನೋಡದೆ ಅದು ತಿಳಿಯುವಂತಿರಲಿಲ್ಲ. ಇಂದು ಬಂಗ್ಗಾಯಿ ಕಾಗೆ ಅಪಾಯದಲ್ಲಿರುವ ಪಕ್ಷಿಗಳ ಪಟ್ಟಿಯಲ್ಲಿದೆ. ಪಟ್ಟಿಗೆ ಸೇರಬೇಕಾದರೆ ಮೊದಲು ಅದಕ್ಕೊಂದು ಸ್ವಂತ ಹೆಸರಿರಬೇಕಾಯಿತು. ಆದ್ದರಿಂದ ಹೆಸರು ಒಡೆಯುವ ಕೆಲಸವನ್ನು ಗೊಂದಲವೆಂದು ನೀವು ಕರೆದರೆ ನಾನು ಒಪ್ಪಲಾರೆ. ನಿಮ್ಮ ಪಠ್ಯದಲ್ಲಿ ಪ್ರಭೇದ ಎಂಬ ಪದ ಬಂದಾಗಲೆಲ್ಲ ಆ ಮ್ಯೂಸಿಯಂ ಪೆಟ್ಟಿಗೆಯ ಎರಡು ಕಾಗೆಗಳನ್ನು ನೆನಪಿಸಿಕೊಳ್ಳಿ.

ಪ್ರಶ್ನೆ: ಕಾಗೆಯಂಥ ಜಾಣ ಹಕ್ಕಿಗೆ ಅಪಾಯವೆಲ್ಲಿಯದು? ಎಲ್ಲಿ ಬೇಕಾದರೂ ಹೊಂದಿಕೊಳ್ಳುವುದಿಲ್ಲವೇ? (ಓದುಗರು, ಬೆಂಗಳೂರು)

ಉತ್ತರ: ಊರಕಾಗೆಯನ್ನು ನೋಡಿ ಎಲ್ಲ ಕಾಗೆಗಳನ್ನೂ ಅಳೆಯುವುದರಿಂದ ಈ ಭಾವನೆ ಬಂದಿದೆ. ಜಾಣತನ ಕಾಡಿಗೆ ಬದಲಿಯಾಗುವುದಿಲ್ಲ. ಹವಾಯಿ ದ್ವೀಪದ ಕಾಡುಗಳಲ್ಲಿದ್ದ ಅಲಲಾ ಎಂಬ ಕಾಗೆ ಕಡ್ಡಿಯನ್ನು ಹಿಡಿದು ತೂತಿನಿಂದ ಹುಳು ತೆಗೆಯಬಲ್ಲದು. ಆದರೂ 2002ರ ಹೊತ್ತಿಗೆ ಅದು ಕಾಡಿನಿಂದ ಅಳಿಸಿಹೋಗಿ, ಪಂಜರಗಳಲ್ಲಿ ಸಾಕಿದವು ಮಾತ್ರ ಉಳಿದವು. ತೆಳುಕೊಕ್ಕಿನ ಕಾಗೆಯ ಸ್ಥಿತಿ ಅಷ್ಟು ಕೆಟ್ಟಿಲ್ಲ; ಬೋರ್ನಿಯೊದ ನದಿ ಮತ್ತು ಕರಾವಳಿಗಳಲ್ಲಿ ಅದನ್ನು ಕಾಣುವುದು ಕಷ್ಟವೇನಲ್ಲ. ಆದರೆ ಜಾವಾದ ತಗ್ಗುನಾಡಿನ ಕಾಡು ಬಹುಪಾಲು ಗದ್ದೆ, ತೋಟ, ನಗರಗಳಾಗಿ ಹೋಗಿದೆ. ಸುಮಾತ್ರಾ ಮತ್ತು ಬೋರ್ನಿಯೊಗಳಲ್ಲಿ ಎಣ್ಣೆತಾಳೆ ತೋಟಗಳು ಅದೇ ತಗ್ಗುನಾಡನ್ನು ಹಿಡಿದಿವೆ. ಪ್ರಪಂಚದ ಕಾಂಡ್ಲಾ ಕಾಡಿನಲ್ಲಿ ಸುಮಾರು ಐದನೆಯ ಒಂದು ಭಾಗ ಇಂಡೊನೇಷ್ಯಾ ಒಂದರಲ್ಲೇ ಇದೆ, ಮತ್ತು ಅಲ್ಲಿ ಬಹಳಷ್ಟು ಸಿಗಡಿ ಕೊಳಗಳಿಗಾಗಿ ಕಡಿದುಹೋಗಿದೆ. ಅಘನಾಶಿನಿಯ ದಂಡೆಯಲ್ಲಿರುವವರಿಗೆ ಸಿಗಡಿ ಕೊಳ ಎಂದರೇನೆಂದು ವಿವರಿಸಬೇಕಾಗಿಲ್ಲ. ಕಾಂಡ್ಲಾ ಹೋಗಿ ಬಂದರೋ ಪೇಟೆಯೋ ಬಂದ ಕಡೆ ಕಾಗೆಗಳಿಲ್ಲವೆಂದಲ್ಲ, ಇರುತ್ತವೆ. ಆದರೆ ಅವು ಬೇರೆ ಕಾಗೆಗಳು, ಮತ್ತು ಮೊದಲಿದ್ದುದು ಹೋದದ್ದು ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ.

ಪ್ರಶ್ನೆ: ಬೇಸಿಗೆ ರಜೆಯಲ್ಲಿ ಮಗಳನ್ನು ನೋಡಲು ಬೋರ್ನಿಯೊಗೆ ಹೋಗುತ್ತಿದ್ದೇವೆ. ಈ ಕಾಗೆಯನ್ನು ನೋಡಲು ಏನು ಮಾಡಬೇಕು? (ನಿವೃತ್ತ ಶಿಕ್ಷಕರು, ಮೈಸೂರು)

ಉತ್ತರ: ಕೂಚಿಂಗ್‌ನಿಂದ ಬಾಕೋ ಹತ್ತಿರ, 1957ರಲ್ಲಿ ಘೋಷಿತವಾದ, ಕಾಂಡ್ಲಾ ಕಾಡೂ ಉದ್ದಮೂಗಿನ ಕೋತಿಗಳೂ ಇರುವ ಉದ್ಯಾನ ಅದು. ದೋಣಿಯವರನ್ನು ಕೇಳಿ ಸಮುದ್ರ ಇಳಿಯುವ ಹೊತ್ತನ್ನು ತಿಳಿದುಕೊಂಡು ಬೆಳಿಗ್ಗೆ ಬೇಗ ಹೊರಡಿ. ಕೋತಿಗಳನ್ನು ನೋಡುವ ಗಡಿಬಿಡಿಯಲ್ಲಿ ಜನ ಕಾಗೆಯನ್ನು ತಲೆಯೆತ್ತಿ ನೋಡುವುದೇ ಇಲ್ಲ. ನೀವು ಸುಮ್ಮನೆ ನಿಂತು ಮೂಗಿನ ‘ಅಹ್ಕ್ ಅಹ್ಕ್’ಗೆ ಕಿವಿಗೊಡಿ. ಕಂಡಾಗ ಹಣೆ, ಬಾಲ, ರೆಕ್ಕೆಬಡಿತವನ್ನು ಈ ಕ್ರಮದಲ್ಲೇ ಗಮನಿಸಿ, ಸಾಧ್ಯವಾದರೆ ಮೊಬೈಲ್‌ನಲ್ಲಿ ಅರ್ಧ ನಿಮಿಷ ಕೂಗನ್ನು ಹಿಡಿದಿಟ್ಟುಕೊಳ್ಳಿ. ಟಿಪ್ಪಣಿಯಲ್ಲಿ ದಿನಾಂಕ ಮತ್ತು ಹಕ್ಕಿಯ ಹೆಸರಿನೊಂದಿಗೆ ದ್ವೀಪದ ಹೆಸರನ್ನೂ ಜಾಗದ ಹೆಸರನ್ನೂ ಬರೆಯಿರಿ. ‘ತೆಳುಕೊಕ್ಕಿನ ಕಾಗೆ, ಆಗ್ನೇಯ ಏಷ್ಯಾ’ ಎಂದಷ್ಟೇ ಇರುವ ಹಳೆಯ ಟಿಪ್ಪಣಿಗಳು ಇಂದು ಯಾವ ಹಕ್ಕಿಗೂ ಸೇರದೆ ಉಳಿದಿವೆ.